ಮೂವತ್ತೆಂಟು ಮಂದಿಯಲ್ಲಿ ಒಬ್ಬಳು ಬಂದಿರಲಿಲ್ಲ

ರಜೆ ಮತ್ತು ಹಾಜರಾತಿ ತಪಾಸಣಾಧಿಕಾರಿಗಳಿಗೆ, ಊರೆಲ್ಲ ಓದಲೆಂದು ಬರೆದದ್ದು

ಮಾನ್ಯರೇ,

ಹೋದ ವರ್ಷ ನೀವು ನಮ್ಮ ಲಾಂಡ್ರಿಯನ್ನು ನೋಡಿಹೋದ ಮೇಲೆ ಬರೆದ ವರದಿಯಲ್ಲಿ ಎರಡು ಸಾಲುಗಳಿವೆ. ಒಂದು: ‘ತಪಾಸಣೆಯ ದಿನ ಮೂವತ್ತೆಂಟು ಕೆಲಸಗಾರರ ಪೈಕಿ ಮೂವತ್ತೆಂಟು ಮಂದಿಯೂ ಹಾಜರಿದ್ದರು.’ ಇನ್ನೊಂದು: ‘ಕಳೆದ ಆರು ವರ್ಷಗಳಲ್ಲಿ ಅನಾರೋಗ್ಯ ರಜೆ ಕೋರಿ ಒಂದೂ ಅರ್ಜಿ ಬಂದಿಲ್ಲವಾದ್ದರಿಂದ ಈ ಬಗ್ಗೆ ಯಾರಿಗೂ ತಕರಾರಿಲ್ಲವೆಂದು ಭಾವಿಸಲಾಗಿದೆ.’ ನಿಮ್ಮ ಭಾವನೆ ನಿಮಗಿರಲಿ. ಮೊದಲ ಸಾಲು ಸುಳ್ಳು. ಆ ಮೂವತ್ತೆಂಟು ಮಂದಿಯಲ್ಲಿ ಒಬ್ಬಳು ಅದೇ ಹೊತ್ತಿನಲ್ಲಿ, ಎರಡು ಬೀದಿಯಾಚೆ, ತನ್ನ ಮನೆಯ ಚಾಪೆಯ ಮೇಲೆ ಸಾಯುತ್ತಿದ್ದಳು. ಅವಳು ಕೆಲಸಕ್ಕೆ ಬಂದಿದ್ದಾಳೆಂದು ನಿಮ್ಮನ್ನು ನಂಬಿಸಿದವಳು ನಾನು. ಈಗ ಅವಳ ಮಗಳು ಕೆಲಸ ಕಳೆದುಕೊಳ್ಳುವುದರಲ್ಲಿದ್ದಾಳೆ. ಮಗಳ ತಪ್ಪೆಂದರೆ, ಜ್ವರ ಬಂದಾಗ ಅವಳು ಆಸ್ಪತ್ರೆಗೆ ಹೋದದ್ದು.

ಇಷ್ಟನ್ನು ಅಂಟಿಸಿದ ಲಕೋಟೆಯಲ್ಲಿಟ್ಟು ಎರಡು ಸಲ ನಿಮಗೆ ಕಳಿಸಿದ್ದೆ. ಎರಡು ಸಲವೂ ‘ತಮ್ಮ ಪತ್ರ ತಲುಪಿದೆ’ ಎಂದು ಉತ್ತರ ಬಂತು. ತಲುಪಿದ್ದು ನಿಮ್ಮ ಕಪಾಟಿಗೋ ನಿಮಗೋ ಎಂಬುದನ್ನು ಅದರಲ್ಲಿ ತಿಳಿಸಿರಲಿಲ್ಲ. ಆದ್ದರಿಂದ ಈ ಸಲ ಲಕೋಟೆ ಇಲ್ಲ. ಇದನ್ನು ಬಹಿರಂಗವಾಗಿ ಬರೆಯುವುದರಲ್ಲಿ ನನಗೂ ಒಂದು ಭಯವಿದೆ, ಅದು ಏನೆಂದು ಮುಂದೆ ಗೊತ್ತಾಗುತ್ತದೆ.

ನೀವು ಬಂದದ್ದು ಒಂದೇ ಸಲ, ಇದ್ದದ್ದು ಮುಕ್ಕಾಲು ಗಂಟೆ. ಆದ್ದರಿಂದ ನಮ್ಮ ಕೆಲಸ ಏನೆಂದು ನೆನಪಿಸುತ್ತೇನೆ. ಪಕ್ಕದ ದೊಡ್ಡ ಆಸ್ಪತ್ರೆಯ ಬಟ್ಟೆಯನ್ನೆಲ್ಲ ಒಗೆಯುವವರು ನಾವು. ರೋಗಿಗಳು ಮಲಗಿ ವಿಶ್ರಾಂತಿ ಪಡೆಯುವ ಬೆಡ್‌ಶೀಟುಗಳು, ದಿಂಬಿನ ಚೀಲಗಳು, ಡಾಕ್ಟರುಗಳ ಹಸಿರು ಅಂಗಿಗಳು. ಒಗೆಯುವ ಯಂತ್ರಗಳು ಹಿಂದೆ, ಇಸ್ತ್ರಿ ನಡುವೆ, ಮಡಚುವ ಮೇಜು ಕಿಟಕಿಯ ಕಡೆ. ಬೆಡ್‌ಶೀಟ್ ಮಡಚುವುದು ಒಬ್ಬರ ಕೆಲಸವಲ್ಲ. ಈ ಕಡೆಯ ಎರಡು ಮೂಲೆ ಒಬ್ಬರು, ಆ ಕಡೆಯ ಎರಡು ಮೂಲೆ ಇನ್ನೊಬ್ಬರು ಹಿಡಿಯಬೇಕು. ಎಳೆದು, ಒಂದು ಸಲ ಕೊಡವಿ, ಎದುರುಬದುರು ನಡೆದು ಬಂದು ಇವಳ ಮೂಲೆಯನ್ನು ಅವಳ ಕೈಗೆ ಕೊಡಬೇಕು. ಹನ್ನೊಂದು ವರ್ಷ ನನ್ನ ಎದುರಿಗೆ ನಿಂತವಳು ಒಬ್ಬಳೇ. ಇಡೀ ಲಾಂಡ್ರಿ ಅವಳನ್ನು ಮೂಲೆಯಕ್ಕ ಅನ್ನುತ್ತಿತ್ತು. ಹೊಸಬರು ಯಾರೇ ಬರಲಿ, “ಮೂಲೆ ನೋಡಮ್ಮ, ಮೂಲೆ. ನನ್ನ ಮುಖ ಆಮೇಲೆ ನೋಡುವಂತೆ” ಎಂದು ಗದರುತ್ತಿದ್ದಳು. ದಿನಕ್ಕೆ ನಾನೂರು ಸಲ ಅವಳ ಬೆರಳು ನನ್ನ ಬೆರಳಿಗೆ ತಗಲುತ್ತಿತ್ತು. ನನ್ನ ಗಂಡನ ಕೈ ನನಗೆ ಅಷ್ಟು ಗೊತ್ತಿಲ್ಲ.

ಕಾಯ್ದೆ ನಮಗೆ ಸಂಬಳಸಹಿತ ರಜೆ ಕೊಟ್ಟಿದೆ, ಹುಷಾರಿಲ್ಲದಾಗ ಮಲಗುವ ಹಕ್ಕನ್ನೂ ಕೊಟ್ಟಿದೆ. ಅದು ನಮಗೂ ಗೊತ್ತು. ಅದರ ವಿವರಗಳ ದೊಡ್ಡ ಹಾಳೆಯನ್ನು ನಿಮ್ಮ ಇಲಾಖೆಯೇ ಅಚ್ಚು ಮಾಡಿಸಿ ಕಳಿಸಿದೆ. ನಮ್ಮವರು ಅದನ್ನು ಆವಿಯ ಕೊಳವೆಯ ಪಕ್ಕ ಅಂಟಿಸಿದ್ದಾರೆ. ಆವಿ ತಾಗಿ ತಾಗಿ ಹಾಳೆ ಉಬ್ಬಿದೆ, ಅಕ್ಷರ ಕರಗಿದೆ, ಕೆಳಗಿನ ನಿಮ್ಮ ಮುದ್ರೆ ಮಾತ್ರ ಗಟ್ಟಿಯಾಗಿ ಉಳಿದಿದೆ. ಇನ್ನು ಆಸ್ಪತ್ರೆಗೆ ರಜೆ ಇಲ್ಲವಾದ್ದರಿಂದ ಲಾಂಡ್ರಿಗೂ ಇಲ್ಲ, ಲಾಂಡ್ರಿಗೆ ಇಲ್ಲವಾದ್ದರಿಂದ ನಮಗೂ ಇಲ್ಲ ಎಂಬುದು ಯಜಮಾನರ ತರ್ಕ. ಹುಷಾರಿಲ್ಲದ ರಜೆಯನ್ನು ಅವರು ಇಲ್ಲ ಅನ್ನುವುದಿಲ್ಲ, ಪಾಪ. ಅರ್ಜಿಯನ್ನು ಮೂರು ದಿನ ಮೊದಲು ಕೊಡಬೇಕು, ಅಷ್ಟೇ. ನಿಮ್ಮ ಮನೆಯಲ್ಲಿ ಜ್ವರ ಹೇಗೆ ಬರುತ್ತದೋ ನನಗೆ ತಿಳಿಯದು. ಮೂರು ದಿನ ಮೊದಲು ಕಾಗದ ಬರೆದು, ಬರಲೇ ಎಂದು ಕೇಳಿ ಬರುತ್ತದೆಯೇ? ನಮ್ಮ ಕಡೆಯ ಜ್ವರಕ್ಕೆ ಅಷ್ಟು ಮರ್ಯಾದೆ ಇಲ್ಲ.

ಆರು ವರ್ಷ ಒಂದೂ ಅರ್ಜಿ ಯಾಕೆ ಬರಲಿಲ್ಲ ಎಂದು ಈಗ ಹೇಳುತ್ತೇನೆ. ನಾವು ಒಬ್ಬರ ಕಾರ್ಡನ್ನು ಒಬ್ಬರು ಪಂಚ್ ಮಾಡುತ್ತಿದ್ದೆವು. ಬಾಗಿಲ ಬಳಿ ಗೋಡೆಯ ಮೇಲೆ ಕಾರ್ಡುಗಳ ಗೂಡು, ಅದರ ಕೆಳಗೆ ಸಮಯ ಒತ್ತುವ ಯಂತ್ರ, ಅದರ ಪಕ್ಕ ನಮ್ಮ ಫೋನುಗಳನ್ನು ಹಾಕಿ ಬೀಗ ಹಾಕುವ ಪೆಟ್ಟಿಗೆ. ಯಾರಾದರೂ ಮಲಗಿದರೆ ಜೋಡಿಯವಳು ಎರಡು ಕಾರ್ಡ್ ಒತ್ತುತ್ತಾಳೆ. ಅವಳ ಪಾಲಿನ ಬಟ್ಟೆಯನ್ನು ಉಳಿದವರು ಹಂಚಿಕೊಂಡು ಮುಗಿಸುತ್ತೇವೆ. ನಾಳೆ ನಾನು ಮಲಗಿದರೆ ಅವಳು ನನಗೆ ಮಾಡುತ್ತಾಳೆ. ಸೂಪರ್‌ವೈಸರ್‌ಗೂ ಗೊತ್ತಿತ್ತು. ಅವರೇನು ಕೆಟ್ಟವರಲ್ಲ. “ನಾನು ನೋಡಿಲ್ಲ, ನೀವು ಹೇಳಿಲ್ಲ” ಅನ್ನುತ್ತಿದ್ದರು. ಒಂಟಿಯಾಗಿ ಮಡಚುವವರಿಗೆಂದು ಗೋಡೆಗೆ ಎರಡು ಕೊಕ್ಕೆ ಹೊಡೆಸಿಕೊಟ್ಟವರೂ ಅವರೇ. ಆ ಕಡೆಯ ಮೂಲೆಗಳನ್ನು ಕೊಕ್ಕೆಗೆ ಸಿಕ್ಕಿಸಿದರೆ ಗೋಡೆಯೇ ನಿಮ್ಮ ಜೋಡಿ. ಇದನ್ನು ನಾವು ಒಳ್ಳೆಯತನ ಅಂದುಕೊಂಡಿದ್ದೆವು. ಕಾಯ್ದೆ ಕೊಟ್ಟ ರಜೆಯನ್ನು ಕದ್ದು ತೆಗೆದುಕೊಳ್ಳುತ್ತಿದ್ದೇವೆಂದು ನಮಗೆ ಹೊಳೆಯಲೇ ಇಲ್ಲ.

ಈ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ಲಾಂಡ್ರಿಯವರಿಗೆ ಆಸ್ಪತ್ರೆಯಲ್ಲಿ ಬಿಟ್ಟಿ ಚಿಕಿತ್ಸೆ. ಗುರುತಿನ ಚೀಟಿ ತೋರಿಸಿದರೆ ಸಾಕು. ಆದರೆ ಓಪಿಡಿ ಚೀಟಿಯ ಒಂದು ಪ್ರತಿ ನಮ್ಮ ಕಚೇರಿಗೆ ಬರುತ್ತದೆ, ಅದರ ಮೇಲೆ ತಾರೀಕು, ಗಂಟೆ, ನಿಮಿಷ. ಒಬ್ಬಳ ಕಾರ್ಡ್ ಇಲ್ಲಿ ಹಾಜರಿ ಹೇಳುತ್ತಾ, ಅವಳ ಚೀಟಿ ಅಲ್ಲಿ ಎಕ್ಸ್‌ರೇ ಹೇಳಿದರೆ ಇಬ್ಬರ ಕೆಲಸವೂ ಹೋಗುತ್ತದೆ. ಇಸ್ತ್ರಿಯ ಜೋಡಿಯೊಂದು ಹಾಗೆ ಸಿಕ್ಕಿಬಿದ್ದು ಹೋದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೆವು. ಹಾಗಾಗಿ ನಮ್ಮೊಳಗೆ ಒಂದು ನಿಯಮ ಆಯಿತು: ಕಾರ್ಡ್ ಪಂಚ್ ಆದ ದಿನ, ಸಂಜೆ ಮತ್ತೆ ಕಾರ್ಡ್ ಒತ್ತುವ ತನಕ ಆಸ್ಪತ್ರೆಯ ಮೆಟ್ಟಿಲು ಹತ್ತಬಾರದು.

ನೀವು ಬಂದ ಹಿಂದಿನ ದಿನ ಮೂಲೆಯಕ್ಕ ಎದೆ ಹಿಡಿದುಕೊಂಡು ಬೆಡ್‌ಶೀಟ್ ಮಡಚಿದಳು. ಎರಡು ಸಲ ಮೂಲೆ ಕೈತಪ್ಪಿತು. ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಮೂಲೆ ಬಿದ್ದದ್ದನ್ನು ನಾನು ನೋಡಿರಲಿಲ್ಲ. ಸಂಜೆ ಸೂಪರ್‌ವೈಸರ್ ಹತ್ತಿರ ಹೋಗಿ, “ಸಾರ್, ನಾಳೆ ಒಂದಿನ ರಜೆ ಬರ್ಕೊಡ್ತೀನಿ, ಮೈ ಸರಿಯಿಲ್ಲ” ಅಂದಳು. “ಮೂರು ದಿನ ಮುಂಚೆ ಕೊಡಬೇಕಲ್ಲಮ್ಮ. ಸುಮ್ನೆ ಕಾಗದ ಯಾಕೆ, ಹೆಂಗೂ ಇದೆಯಲ್ಲ ನಿಮ್ಮ ಏರ್ಪಾಡು” ಅಂದರು ಅವರು. ಮೂಲೆಯಕ್ಕ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ.

ಮರುದಿನ ಬೆಳಿಗ್ಗೆ ನನ್ನ ಕಾರ್ಡ್ ಒತ್ತಿದೆ, ಅವಳದ್ದೂ ಒತ್ತಿದೆ. ಫೋನನ್ನು ಪೆಟ್ಟಿಗೆಗೆ ಹಾಕಬೇಕು ಅನ್ನುವಷ್ಟರಲ್ಲಿ ಅದು ಬಡಿದುಕೊಂಡಿತು.

“ಎದೆ ಮೇಲೆ ಯಾರೋ ಕೂತಂಗಿದೆ ಕಣೆ. ಆಸ್ಪತ್ರೆಗೆ ಹೋಗಿ ಬಂದ್ಬಿಡ್ಲಾ?” ಅಂದಳು.

“ಅಯ್ಯೋ ಅಕ್ಕ, ಈಗ ತಾನೇ ನಿನ್ನ ಕಾರ್ಡ್ ಪಂಚ್ ಮಾಡಿದೆ. ಈಗ ಹೋಗ್ಬೇಡ, ಸಿಕ್ಕಾಕ್ಕೊಳ್ತೀವಿ. ಸಂಜೆ ಕಾರ್ಡ್ ಒತ್ತಿ ಬಂದು ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀತಂಕ ಸುಮ್ನೆ ಮಲ್ಕೊ.”

“ಆಯ್ತು ಬಿಡು, ಸಂಜೆಗೇ ಹೋಗೋಣ. ನಿನಗ್ಯಾಕೆ ತೊಂದ್ರೆ” ಅಂದಳು.

ಇದನ್ನು ನಾನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ ಸ್ವಾಮಿ. ನಿಮಗೆ ಬರೆದ ಎರಡು ಪತ್ರಗಳಲ್ಲೂ ಬರೆದಿರಲಿಲ್ಲ. ಅವಳು ಹೊರಟು ನಿಂತಿದ್ದಳು, ನಾನು ತಡೆದೆ.

ಹತ್ತೂವರೆಗೆ ನೀವು ಬಂದಿರಿ. ಕಾರ್ಡುಗಳನ್ನು ಎಣಿಸಿದಿರಿ. ಹಾಜರಿ ಪುಸ್ತಕಕ್ಕೆ ಹೋಲಿಸಿ ನೋಡಿದಿರಿ. ಆಮೇಲೆ ಒಳಗೆಲ್ಲ ಒಂದು ಸುತ್ತು ಹಾಕುತ್ತಾ ನನ್ನ ಮೇಜಿನ ಮುಂದೆ ನಿಂತಿರಿ. ಗೋಡೆಯ ಕೊಕ್ಕೆಗೆ ಸಿಕ್ಕಿಸಿದ ಬೆಡ್‌ಶೀಟನ್ನು ನೋಡಿದಿರಿ. “ನಿಮ್ಮ ಜೋಡಿ ಎಲ್ಲಿ?” ಎಂದು ಕೇಳಿದಿರಿ. ಆರು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ನೀವು ಕೇಳಿದಿರಿ, ಅದಕ್ಕೆ ನಿಮ್ಮನ್ನು ಮೆಚ್ಚಬೇಕು. “ಕೈ ತೊಳೆಯೋಕೆ ಹೋಗಿದಾರೆ ಸಾರ್, ಬರ್ತಾರೆ” ಅಂದೆ. ನೀವು ತಲೆಯಾಡಿಸಿ ಮುಂದೆ ಹೋದಿರಿ. ಒಂದೇ ಒಂದು ನಿಮಿಷ ನಿಂತಿದ್ದರೆ? ಅವಳು ಬರಲಿ, ನೋಡೋಣ ಅಂದಿದ್ದರೆ? ನನ್ನ ಮುಖದಲ್ಲಿ ಬೆವರಿಳಿಯುತ್ತಿದ್ದದ್ದು ಆವಿಯಿಂದ ಅಲ್ಲ ಎಂದು ನಿಮಗೆ ಅನ್ನಿಸಲೇ ಇಲ್ಲವೇ? ಅನ್ನಿಸಿದ್ದರೆ ನಮ್ಮಿಬ್ಬರ ಕೆಲಸವೂ ಹೋಗುತ್ತಿತ್ತು, ಯಾರಾದರೂ ಅವಳ ಮನೆಯ ಬಾಗಿಲು ತಟ್ಟುತ್ತಿದ್ದರು. ಡಾಕ್ಟರು ಬರೆದುಕೊಟ್ಟ ಮರಣದ ಸಮಯ ಹತ್ತರಿಂದ ಹನ್ನೊಂದರ ನಡುವೆ.

ಸಂಜೆ ಐದು ಮೂವತ್ತೆರಡಕ್ಕೆ ಎರಡೂ ಕಾರ್ಡುಗಳನ್ನು ಒತ್ತಿದೆ. ಆಮೇಲೆ ಪೆಟ್ಟಿಗೆಯಿಂದ ಫೋನ್ ತೆಗೆದೆ. ಅವಳ ಮಗಳ ಹನ್ನೊಂದು ಕರೆಗಳಿದ್ದವು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಹುಡುಗಿ ತಾಯಿಯನ್ನು ನೋಡಿದ್ದಳು. ಅಂದರೆ ಮಾನ್ಯರೇ, ನಿಮ್ಮ ದಾಖಲೆಯ ಪ್ರಕಾರ ಮೂಲೆಯಕ್ಕ ಸತ್ತ ಮೇಲೂ ಆರೂವರೆ ಗಂಟೆ ದುಡಿದು, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿದ್ದಾಳೆ. ವರ್ಷದ ಕೊನೆಗೆ ಯಜಮಾನರು, ಅವಳು ಸತ್ತ ಗಂಟೆ ಯಾವುದೆಂದು ಯಾರನ್ನೂ ಕೇಳದೆ, ಅವಳ ಹೆಸರಿಗೆ ‘ಪೂರ್ಣ ಹಾಜರಾತಿ’ಯ ಪ್ರಶಸ್ತಿ ಪತ್ರ ಬರೆಸಿ, ಚೌಕಟ್ಟು ಹಾಕಿಸಿ, ಕಾರ್ಡಿನ ಯಂತ್ರದ ಮೇಲೆ ನೇತುಹಾಕಿದ್ದಾರೆ. ದಿನಾ ಬೆಳಿಗ್ಗೆ ಅದರ ಕೆಳಗೆ ತಲೆತಗ್ಗಿಸಿ ನಾನು ನನ್ನ ಕಾರ್ಡ್ ಒತ್ತುತ್ತೇನೆ.

ಆ ದಿನದಿಂದ ನನಗೆ ಒಂದು ತೊಂದರೆ ಅಂಟಿಕೊಂಡಿದೆ. ಕೈ ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟ ಸದ್ದಾದರೆ ತಲೆ ತಾನಾಗಿ ಆ ಬಾಗಿಲ ಕಡೆ ತಿರುಗುತ್ತದೆ. ಬರ್ತಾರೆ ಎಂದು ನಿಮಗೆ ಹೇಳಿದ್ದೆನಲ್ಲ, ನಾನಿನ್ನೂ ಕಾಯುತ್ತಿದ್ದೇನೆ. ಕೊಕ್ಕೆಗೆ ಸಿಕ್ಕಿಸಿದ ಬೆಡ್‌ಶೀಟ್ ಕೆಲವು ಸಲ ಆ ಕಡೆಯಿಂದ ಮೆಲ್ಲಗೆ ಎಳೆದ ಹಾಗಾಗುತ್ತದೆ, ಕೊಡವುವ ಮುಂಚೆ ಅವಳು ಎಳೆಯುತ್ತಿದ್ದ ಹಾಗೆಯೇ. ಕಿಟಕಿಯ ಗಾಳಿ ಇರಬಹುದು. ಕಿಟಕಿ ಮುಚ್ಚಿಸಿ ನೋಡಿದ್ದೇನೆ. ಹೆದರಿಕೆ ಆಗುವುದಿಲ್ಲ, ನಾಚಿಕೆ ಆಗುತ್ತದೆ.

ತಾಯಿಯ ಜಾಗಕ್ಕೆ ಮಗಳು ಬಂದಳು. ಅದೇ ಗೂಡಿನಲ್ಲಿ ಕಾರ್ಡ್, ಅದೇ ಕಡೆಯ ಎರಡು ಮೂಲೆ. ನನ್ನನ್ನು ಚಿಕ್ಕಮ್ಮ ಅನ್ನುತ್ತಾಳೆ. ಮೊದಲ ವಾರದಲ್ಲೇ ಕೇಳಿದಳು, “ಅಮ್ಮ ಯಾಕೆ ಚಿಕ್ಕಮ್ಮ ಆಸ್ಪತ್ರೆಗೆ ಹೋಗ್ಲಿಲ್ಲ? ಎರಡು ಬೀದಿ ಅಷ್ಟೇ ಅಲ್ವಾ?” ನಾನು “ಗೊತ್ತಿಲ್ಲ ಮಗಳೇ” ಅಂದೆ.

ಹೋದ ತಿಂಗಳು ಒಂದು ಬೆಳಿಗ್ಗೆ, ಅದೇ ಪೆಟ್ಟಿಗೆಯ ಮುಂದೆ, ನನ್ನ ಫೋನ್ ಬಡಿದುಕೊಂಡಿತು. “ಮೈಯೆಲ್ಲ ಸುಡ್ತಿದೆ ಚಿಕ್ಕಮ್ಮ, ಉಸಿರು ಎಳ್ಕೊಂಡ್ರೆ ಚುಚ್ಚುತ್ತೆ. ನನ್ನ ಕಾರ್ಡ್ ಒಂದು ಪಂಚ್ ಮಾಡ್ಬಿಡಿ.” ಅವಳ ಕಾರ್ಡ್ ಆಗಲೇ ನನ್ನ ಕೈಯಲ್ಲಿತ್ತು. ಅದನ್ನು ಗೂಡಿಗೆ ವಾಪಸ್ ಇಟ್ಟೆ. “ಆಗಲ್ಲ ಮಗಳೇ. ನೀನು ಆಸ್ಪತ್ರೆಗೆ ಹೋಗು. ಈಗಲೇ, ಉಟ್ಟ ಬಟ್ಟೆಯಲ್ಲೇ ಹೋಗು.” ಅವಳು ಅತ್ತಳು. “ಅಮ್ಮಂಗೆ ಮಾಡಿದ್ರಿ, ನನಗೆ ಮಾತ್ರ ಯಾಕೆ ಆಗಲ್ಲ?” ಅಂದಳು. “ಮೊದಲು ಹೋಗು” ಎಂದಷ್ಟೇ ಹೇಳಿ ಫೋನನ್ನು ಪೆಟ್ಟಿಗೆಗೆ ಹಾಕಿದೆ.

ಅವಳು ಹೋದಳು. ಶ್ವಾಸಕೋಶಕ್ಕೆ ನಂಜು ಇಳಿದಿತ್ತು. ಹೊತ್ತಿಗೆ ಬಂದಿರಿ ಅಂದರಂತೆ ಡಾಕ್ಟರು. ನಾನು ಮಡಚಿದ ಬೆಡ್‌ಶೀಟಿನ ಮೇಲೆ ನಾಲ್ಕು ದಿನ ಮಲಗಿ ಎದ್ದು ಬಂದಳು. ಬದುಕಿದ್ದಾಳೆ. ಡಾಕ್ಟರ ಸರ್ಟಿಫಿಕೇಟ್ ಹಚ್ಚಿ ಅರ್ಜಿ ಕೊಟ್ಟಳು, ಏಳು ವರ್ಷದಲ್ಲಿ ಮೊದಲ ಅರ್ಜಿ. ಮೂರು ದಿನ ಮೊದಲು ಕೊಟ್ಟಿಲ್ಲವೆಂದು ಯಜಮಾನರು ತಿರಸ್ಕರಿಸಿದರು. ನಾಲ್ಕು ದಿನ ಅನಧಿಕೃತ ಗೈರುಹಾಜರಿ, ಕೆಲಸದಿಂದ ಯಾಕೆ ತೆಗೆಯಬಾರದೆಂದು ಹೇಳು ಎಂದು ನೋಟಿಸು ಕೊಟ್ಟರು. “ನಿಮ್ಮಮ್ಮನ್ನ ನೋಡಿ ಕಲಿ, ಸಾಯೋ ದಿನಾನೂ ಡ್ಯೂಟಿ ತಪ್ಪಿಸಿದೋಳಲ್ಲ” ಎಂದು ಗೋಡೆಯ ಚೌಕಟ್ಟು ತೋರಿಸಿದರು. ಅವಳು ನಿಮ್ಮ ಕಚೇರಿಗೆ ಮೊರೆಯಿಟ್ಟಳು. ‘ಈ ಸಂಸ್ಥೆಯಲ್ಲಿ ಅನಾರೋಗ್ಯ ರಜೆ ಮಂಜೂರಾದ ಪೂರ್ವನಿದರ್ಶನ ಇಲ್ಲ’ ಎಂದು ನೀವು ಉತ್ತರ ಬರೆದಿರಿ. ನಿದರ್ಶನ ಇಲ್ಲದಂತೆ ಮಾಡಿದವರು ನಾವೇ, ಒಪ್ಪುತ್ತೇನೆ. ಆದರೆ ಒಂದು ಹಕ್ಕು ಜಾರಿಗೆ ಬರಬೇಕಾದರೆ ಅದನ್ನು ಮೊದಲೇ ಯಾರೋ ಪಡೆದಿರಬೇಕು ಎಂದು ಯಾವ ಕಾಯ್ದೆಯಲ್ಲಿ ಬರೆದಿದೆ? ಆವಿಯಲ್ಲಿ ಕರಗಿಹೋದ ಅಕ್ಷರಗಳಲ್ಲಿ ಅದೇನಾದರೂ ಇತ್ತೇ?

ನಿಮಗೆ ನಿದರ್ಶನ ಬೇಕು ತಾನೇ? ನಾನು ಕೊಡುತ್ತೇನೆ. ಹಾಜರಿ ಪುಸ್ತಕ ತರಿಸಿ. ನೀವು ಬಂದಿದ್ದ ದಿನದ ಪುಟ ತೆಗೆಯಿರಿ. ಮೂಲೆಯಕ್ಕನ ಸಾಲಿನಲ್ಲಿ ‘ಹಾಜರು’ ಎಂಬುದನ್ನು ಹೊಡೆದುಹಾಕಿ ‘ಅನಾರೋಗ್ಯ ರಜೆ, ಸಂಬಳಸಹಿತ’ ಎಂದು ನಿಮ್ಮ ಕೈಯಾರೆ ಬರೆದು ಸಹಿ ಹಾಕಿ. ಅವಳು ಹಿಂದಿನ ಸಂಜೆಯೇ ಬಾಯಿಬಿಟ್ಟು ಕೇಳಿದ್ದಳು, ಸೂಪರ್‌ವೈಸರ್ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿ. ಅದೇ ಪೆನ್ನಿನಲ್ಲಿ ಮಗಳ ನಾಲ್ಕು ದಿನವನ್ನೂ ಮಂಜೂರು ಮಾಡಿ, ನೋಟಿಸು ರದ್ದು ಮಾಡಿ, ಮೂರು ದಿನದ ನಿಯಮವನ್ನು ತೆಗೆಸಿ. ಸುಳ್ಳು ಕಾರ್ಡ್ ಒತ್ತಿದ್ದಕ್ಕೆ ನನಗೆ ಏನು ಶಿಕ್ಷೆಯೋ ಅದನ್ನು ಕೊಡಿ. ನಾನು ಎಲ್ಲಿಗೂ ಹೋಗುವುದಿಲ್ಲ, ಕಿಟಕಿಯ ಕಡೆಯ ಮೇಜಿನಲ್ಲೇ ಇರುತ್ತೇನೆ.

ಈ ಪತ್ರವನ್ನು ನೀವು ಓದುತ್ತೀರೋ ಇಲ್ಲವೋ ಗೊತ್ತಿಲ್ಲ, ಮೂಲೆಯಕ್ಕನ ಮಗಳು ಓದುತ್ತಾಳೆ. ಅವಳ ಎರಡೂ ಪ್ರಶ್ನೆಗಳಿಗೆ ಉತ್ತರ ಇದರಲ್ಲಿದೆ. ಎದುರು ನಿಂತು ಹೇಳಲು ನನ್ನ ನಾಲಿಗೆ ಏಳಲಿಲ್ಲ, ಅದಕ್ಕೇ ನಿಮ್ಮ ವಿಳಾಸಕ್ಕೆ ಬರೆದು ಊರಿಗೆಲ್ಲ ಹಂಚಿದೆ. ನಾಳೆ ಬೆಳಿಗ್ಗೆ ಅವಳು ನನ್ನ ಎದುರು ಬಂದು ಆ ಕಡೆಯ ಎರಡು ಮೂಲೆ ಹಿಡಿಯುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಹಿಡಿಯದಿದ್ದರೆ ಗೋಡೆಯಲ್ಲಿ ಕೊಕ್ಕೆಗಳಿವೆ.

ಇಂತಿ,
ಆ ದಿನ ಎರಡು ಕಾರ್ಡ್ ಒತ್ತಿ, ಆಸ್ಪತ್ರೆಗೆ ಹೊರಟವಳನ್ನು ಮನೆಯಲ್ಲೇ ಮಲಗಿಸಿದ
ಅವಳ ಜೋಡಿ