ಬೀರು ಎಳೆಯುವ ಸದ್ದು

ನವೆಂಬರ್ 7, ಗುರುವಾರ

ಸಿರಿಲ್‌ನ ಮುಖ ಕಣ್ಣಿಂದ ಹೋಗುತ್ತಿಲ್ಲ. ನಗರದ ಕೌನ್ಸಿಲ್ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಗಲಾಟೆ ಮಾಡುತ್ತಾನೆಂದು, ಅದರ ವಸತಿ ವಿಭಾಗದ ಪರವಾಗಿ ಎಚ್ಚರಿಕೆ ಕೊಡಲು ಹೋದವಳು ನಾನು. ಮೇಲಿನ ಮನೆಯವನು ದಿನಾ ಸಂಜೆ ಏನೋ ದರದರ ಎಳೆಯುತ್ತಾನೆ ಅಂತ ಕೆಳಗಿನ ಮನೆಯ ಎನಿಡ್‌ಳ ದೂರು.

ಎಳೆಯುವುದು ಬಟ್ಟೆಯ ಬೀರುವನ್ನು, ಬಾಗಿಲಿಗೆ ಅಡ್ಡವಾಗಿ.

"ಬಾಗಿಲಲ್ಲಿರೋ ಕಾಗದ ಹಾಕೋ ಕಂಡೀಲಿ ಹುಡುಗ್ರು ಪಟಾಕಿ ಹಚ್ಚಿ ಒಳಗೆ ಬಿಡ್ತಾರಮ್ಮ," ಅಂದ. ಬಾಗಿಲ ಬಳಿ ನೆಲಹಾಸು ಸುಟ್ಟು ಕರಕಲಾಗಿತ್ತು.

"ನಮಗೆ ಹೇಳಬಾರದಿತ್ತಾ?"

"ಹೇಳಿದ್ರೆ, ಒಬ್ನೇ ಇರೋಕಾಗಲ್ಲ ಅಂತ ವೃದ್ಧಾಶ್ರಮಕ್ಕೆ ಸಾಗಿಸ್ತೀರಿ."

ಎಚ್ಚರಿಕೆ ಪತ್ರ ಚೀಲದಲ್ಲೇ ಉಳಿಯಿತು. ಅವನ ಒಪ್ಪಿಗೆ ಪಡೆದೇ ಎನಿಡ್‌ಗೆ ವಿಷಯ ಹೇಳಿದೆ. ಸಿಡುಕಿದಳು: "ಮೊದ್ಲೇ ಬಾಯಿ ಬಿಡೋಕೇನಾಗಿತ್ತು ಆ ಮುದುಕಂಗೆ? ಅಷ್ಟು ಭಾರ ಎಳೆದು ಸೊಂಟ ಹಿಡ್ಕೊಂಡ್ರೆ?"

ನಾಳೆ ಆ ಕಂಡಿಯ ಹಿಂದೆ ಬೆಂಕಿ ದಾಟದ ಕಬ್ಬಿಣದ ಡಬ್ಬಿ ಹಾಕಿಸಬೇಕು. ಹುಡುಗರ ಮನೆಯವರನ್ನೂ ಕರೆಸಬೇಕು. ಆದರೆ ಇವತ್ತೊಂದು ರಾತ್ರಿ ಅವನು...

ಊಟಕ್ಕೆ ಕೂತಾಗ ಎನಿಡ್ ಫೋನ್ ಮಾಡಿದಳು, ಅದೇ ದೂರಿನ ದನಿ.

"ಇಷ್ಟ್ ಹೊತ್ತಾದ್ರೂ ಮೇಲೆ ಸದ್ದೇ ಇಲ್ಲ ಕಣಮ್ಮ. ಹೋಗಿ ನೋಡ್ಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ, "ತಡಿ, ತಡಿ," ಅಂದಳು. "ಹಾಂ, ಎಳೀತಿದಾನೆ. ಸದ್ಯ."