ಮಹದೇವಪ್ರಸಾದರ ಅನುಭವಕ್ಕೆ ಸಾಕ್ಷಿ

ಜೂನ್ 9, ಸೋಮವಾರ
ಬೆಳಿಗ್ಗೆಯಿಡೀ ಕ್ಲೈಂಟ್ ಕಾಲ್. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಫೋನ್.
“ನಮಸ್ಕಾರ ಶಿಲ್ಪಶ್ರೀ ಮೇಡಂ. ನಾನು ಮಹದೇವಪ್ರಸಾದ್, ಬ್ಯಾಂಕಿಂದ.”
ಹಳೆಯ ಮ್ಯಾನೇಜರ್. ಆಗ ‘ನೀನು’. ಈಗ ‘ಮೇಡಂ’.
ಐಟಿ ಆಡಿಟರ್‌ಗಳ ಸಿಸಾ ಪರೀಕ್ಷೆ ಪಾಸಾಗಿದ್ದಾರಂತೆ. ಪಾಸಾದ ಮಾತ್ರಕ್ಕೆ ಸರ್ಟಿಫಿಕೇಟ್ ಕೊಡುವುದಿಲ್ಲ. ಐಟಿ ಆಡಿಟ್ ಕೆಲಸ ಮಾಡಿದ್ದು ನಿಜ ಎಂದು ಜೊತೆಗಿದ್ದವರು ದೃಢೀಕರಿಸಬೇಕು. ಅದು ಬಂದರೆ ಬ್ಯಾಂಕಿನ ಮಾಹಿತಿ ಭದ್ರತೆಗೆ ಇವರೇ ಮುಖ್ಯಸ್ಥರು. ಸಾಕ್ಷಿಗೆ ನನ್ನ ಹೆಸರು ಕೊಟ್ಟಿದ್ದಾರೆ. ಬೇರೆ ಯಾರನ್ನು ಕೊಡುತ್ತಾರೆ? ಆ ಕೆಲಸ ಅಲ್ಲಿ ಮಾಡುತ್ತಿದ್ದವಳು ನಾನೊಬ್ಬಳೇ.
“ನೋಡ್ತೀನಿ ಸರ್,” ಎಂದೆ. ಆರಿದ ಚಿತ್ರಾನ್ನವೂ ಇಷ್ಟು ರುಚಿಯಾಗಿರುತ್ತದೆಂದು ಗೊತ್ತಿರಲಿಲ್ಲ.

ಜೂನ್ 10
ಏಳು ವರ್ಷವಾಯಿತು. ಮಂಡಿ ಮೊಹಲ್ಲಾ ಶಾಖೆ. ನಕಲಿ ಇಮೇಲ್ ನಂಬಿ ಪಾಸ್‌ವರ್ಡ್ ಕೊಟ್ಟವರು ಅವರು. ಗ್ರಾಹಕರ ಮಾಹಿತಿಯೆಲ್ಲ ಸೋರಿಹೋಯಿತು. ಸ್ಟಾಫ್ ಮುಂದೆ ಬೆರಳು ತೋರಿಸಿದ್ದು ನನ್ನತ್ತ — “ಇವಳ ಕೈಗೆ ಸಿಸ್ಟಮ್ ಕೊಟ್ಟಿದ್ದೇ ತಪ್ಪಾಯ್ತು.” ರಾಜೀನಾಮೆ ಬರೆಸಿಕೊಂಡರು. ಆಗಲೇ ಸಿಸಾ ಪಾಸಾಗಿದ್ದೆ. ಇದೇ ದೃಢೀಕರಣ ಕೇಳಲು ಹೋದರೆ, “ಡೇಟಾ ಎಂಟ್ರಿ ಮಾಡ್ದೋಳಿಗೆ ಯಾವ ಅನುಭವ ಕಣಮ್ಮ?” ಬೇರೆ ಕಡೆ ಮೊದಲಿನಿಂದ ದುಡಿದು ಸರ್ಟಿಫಿಕೇಟ್ ಪಡೆದೆ.
ಸ್ವರೂಪ್‌ಗೆ ಹೇಳಿದೆ. “ಆಗಲ್ಲ ಅಂತ ಹೇಳಿ ಮುಗಿಸ್ಬುಡು,” ಎಂದರು. ಗಂಡಂದಿರಿಗೆ ಎಲ್ಲ ಬೇಗ ಮುಗಿಯಬೇಕು. ನನಗೆ ಈಗ ತಾನೇ ಶುರು.

ಜೂನ್ 23
ಮತ್ತೆ ಮತ್ತೆ ಫೋನ್. “ನೋಡ್ತೀನಿ ಸರ್.” ಇವತ್ತು ದಟ್ಟಗಳ್ಳಿಯ ನಮ್ಮ ಮನೆಗೇ ಬಂದರು. ಕೈಯಲ್ಲಿ ರಸಬಾಳೆ. ಜೊತೆಗೆ ಹೆಂಡತಿ ಗಿರಿಜಾಂಬಾ.
“ಸ್ಕೂಲ್ ಮಕ್ಕಳ ಥರ ಕೂತ್ಕೊಂಡು ಓದಿದ್ರು ಕಣಮ್ಮ. ರಿಟೈರ್ ಆಗೋಕ್ಮುಂಚೆ ಇದೊಂದು ಆಸೆ ಇವರಿಗೆ.”
ಪಾಪ, ಆಕೆಗೆ ಏನೂ ಗೊತ್ತಿಲ್ಲ. ಕೋಪ ಇಳಿಯತೊಡಗಿತು... ಬಲವಂತವಾಗಿ ಏರಿಸಿಕೊಂಡೆ.
ಆಕೆ ಕಾರು ಹತ್ತಿದ ಮೇಲೆ ಗೇಟಿನ ಹತ್ತಿರ ಅವರು ಕೇಳಿದರು, “ನಾನೇನ್ ಮಾಡ್ಬೇಕು ಹೇಳಿ.”
“ಅವತ್ತು ನಡೆದದ್ದನ್ನ ಅದೇ ಶಾಖೆಲಿ, ಎಲ್ರ ಮುಂದೆ ಹೇಳಿ. ಆಮೇಲೆ ಫಾರಂ ತುಂಬ್ತೀನಿ.”
ತುಂಬುತ್ತೇನೆ ಎಂದೆ. ಏನೆಂದು ತುಂಬುತ್ತೇನೆ ಎನ್ನಲಿಲ್ಲ.

ಜುಲೈ 5, ಶನಿವಾರ
ಹೇಳಿದರು! ಗ್ರಾಹಕರು ಹೋದ ಮೇಲೆ ಶಾಖೆಯಲ್ಲಿ ನನ್ನನ್ನೂ ಕೂರಿಸಿ, ಎಲ್ಲರನ್ನೂ ಕರೆದು, ಮೇಜು ಹಿಡಿದು ನಿಂತರು. “ಆ ಪಾಸ್‌ವರ್ಡ್ ಕೊಟ್ಟಿದ್ದು ನಾನು. ಶಿಲ್ಪಶ್ರೀದು ಏನೂ ತಪ್ಪಿರಲಿಲ್ಲ.” ಹೊಸ ಮ್ಯಾನೇಜರ್ ಮುಖ ಕಪ್ಪಿಟ್ಟಿತು. ನಾನು ಕುರ್ಚಿಯಿಂದ ಏಳಲೂ ಇಲ್ಲ.
ಅಟೆಂಡರ್ ಭಾಗ್ಯಮ್ಮ ಬಾಗಿಲವರೆಗೂ ಬಂದಳು. “ಸಾಕು ಬುಡವ್ವ. ಆವಯ್ಯ ಎಂಗಾಗೋದ ನೋಡು.”
ನೋಡಿದೆ. ಸಾಕೆನಿಸಲಿಲ್ಲ.

ಜುಲೈ 6
ಫಾರಂ ತೆರೆದೆ. ಅರ್ಜಿದಾರರು ಹೇಳಿರುವ ಕೆಲಸವನ್ನು ಅವರೇ ಮಾಡಿದ್ದಾರೆಯೇ? — ಇಲ್ಲ. ಕಳಿಸಿದೆ.
ಒಂದಕ್ಷರ ಸುಳ್ಳಿಲ್ಲ. ಹೌದೆಂದಿದ್ದರೆ ನನ್ನ ಸರ್ಟಿಫಿಕೇಟಿಗೇ ಕುತ್ತು. ಆದರೆ ‘ಇಲ್ಲ’ ಎಂದದ್ದು ಅದಕ್ಕಲ್ಲ. ಈ ಡೈರಿಯಲ್ಲಾದರೂ ನಿಜ ಬರೆಯಬೇಕಲ್ಲ... ಖುಷಿಗೆ ಎಂದೆ.

ಜುಲೈ 14
ಒಪ್ಪಿಕೊಂಡ ತಪ್ಪಿಗೆ ಅವರ ಮೇಲೆ ಬ್ಯಾಂಕ್ ವಿಚಾರಣೆ ಶುರು ಮಾಡಿದೆಯಂತೆ. ಬೈಯಲಿ ಎಂದು ಕಾದೆ. ಅವರು ಫೋನ್ ಮಾಡಲೇ ಇಲ್ಲ.
ಸಂಜೆ ಗಿರಿಜಾಂಬಾ ಮಾಡಿದರು.
“ನಿಮ್ಮನೆಯಿಂದ ಹೋಗ್ತಾ ಕಾರಲ್ಲಿ ಎಲ್ಲ ಹೇಳ್ಕೊಂಡ್ರು. ಒಪ್ಕೊಂಡ್ಬುಡಿ, ಆ ಹುಡುಗಿ ಮಾತಿಗೆ ತಪ್ಪೋಳಲ್ಲ ಅಂತ ನಾನೇ ಕಳಿಸ್ದೆ.”
ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.
“ಹುದ್ದೆ ಹೋಗ್ಲಿ ಬುಡಮ್ಮ. ಒಂದೇ ಮಾತು ಕೇಳ್ತೀನಿ. ಅವತ್ತು ಗೇಟಲ್ಲಿ ನಿಂತಾಗ್ಲೇ... ಇವರಿಗೆ ಇಲ್ಲ ಅನ್ಬೇಕು ಅಂತ ಇತ್ತಾ ನಿನಗೆ?”
“ಇಲ್ಲಮ್ಮ,” ಎಂದೆ.
ಇಡೀ ವ್ಯವಹಾರದಲ್ಲಿ ನಾನು ಹೇಳಿದ ಒಂದೇ ಸುಳ್ಳು. ಅದೂ ನನಗೆ ಯಾವ ಕೇಡೂ ಮಾಡದ ಆಕೆಗೆ.