ಬೆನ್ನುಹಲಗೆ

ಹದಿನಾಲ್ಕನೇ ತಾರೀಖು
ಮಂಗಳವಾರ, ಮಧ್ಯಾಹ್ನ

ನನ್ನ ಮಗಳಿಗೆ,

ನಾನು ಕ್ಷೇಮ. ಮಂಡಿನೋವು ಇದ್ದ ಹಾಗೇ ಇದೆ, ಹೊಲಿಗೆ ಮಿಷನ್ನು ನನಗಿಂತ ಜಾಸ್ತಿ ನರಳುತ್ತದೆ. ನೀನು ಕ್ಷೇಮವೇ ಎಂದು ಕೇಳಿ ಪ್ರಯೋಜನವಿಲ್ಲ. ಹಾಸ್ಟೆಲಿನ ಕಾಲದಿಂದ ನೀನು ಬರೆಯುವ ಉದ್ದುದ್ದ ಕಾಗದಗಳಲ್ಲಿ ಈಗೀಗ ನಿನ್ನ ಸುದ್ದಿ ಇರುವುದು ಕೊನೆಯ ಎರಡು ಸಾಲು. ಮಿಕ್ಕದ್ದೆಲ್ಲ ದೋಣಿ ಮತ್ತು ನಿನ್ನ ಅತ್ತೆ. ದೋಣಿಯೊಳಗಿನ ಕೊಳೆತ ಡೆಕ್ ಹಲಗೆ ಕಿತ್ತಾಗ ಅತ್ತೆ ಏನೆಂದರು, ತುಕ್ಕು ಹಿಡಿದ ಸ್ಕ್ರೂ ಬಾರದೆ ಹೋದಾಗ ಅತ್ತೆ ಯಾವ ಉಪಾಯ ಮಾಡಿದರು, ನೀರು ಕುಡಿದು ಕಲ್ಲಾಗಿದ್ದ ಹಳೇ ಫೋಮ್ ಎತ್ತಿ ತೂಗಿದಾಗ ಅತ್ತೆ ಹೇಗೆ ಬಿದ್ದು ಬಿದ್ದು ನಕ್ಕರು. ಹೋದ ಕಾಗದದಲ್ಲಿ 'ಅತ್ತೆ' ಇಪ್ಪತ್ತಮೂರು ಸಲ ಬಂದಿದ್ದಾರೆ, ಎಣಿಸಿದೆ. 'ಅಮ್ಮ' ಎರಡು ಸಲ. ಒಂದು ಕಾಗದದ ತಲೆಯ ಮೇಲೆ, ಇನ್ನೊಂದು ಸೀಟಿಗೆ ಕವರ್ ಹೊಲಿದುಕೊಡು ಎನ್ನುವಲ್ಲಿ.

ನನಗೆ ಹೊಟ್ಟೆಕಿಚ್ಚು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ವಯಸ್ಸು ನನ್ನದಲ್ಲ, ಆದ್ದರಿಂದ ಮೊದಲೇ ಹೇಳಿಬಿಟ್ಟೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಬಿಡುತ್ತೀಯ, ಹಿಂದಿನಿಂದ ಅವರು "ಹೇಗಿದ್ದೀರಿ ಬೀಗಿತ್ತಿಯವರೇ" ಎನ್ನುತ್ತಾರೆ, ನಾನು "ಚೆನ್ನಾಗಿದ್ದೀನಿ ರೀ" ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು.

ನಿನ್ನಪ್ಪ ಹೋದ ಮೇಲೆ ಆ ದೋಣಿ ಹನ್ನೊಂದು ವರ್ಷ ನಮ್ಮ ಮನೆಯ ಹಿಂದೆ, ನಾನೇ ಹೊಲಿದ ಟಾರ್ಪಾಲಿನ ಕೆಳಗೆ ಮಲಗಿತ್ತು. ನಿನಗೆ ಹದಿನಾರಾದಾಗ ಅದನ್ನು ರಿಪೇರಿ ಮಾಡುತ್ತೇನೆಂದು ಸುತ್ತಿಗೆ ಹಿಡಿದು ಬಂದೆ. ಅದರ ತಂಟೆಗೆ ಹೋಗಬೇಡ ಎಂದೆ. ನೀನು ಮತ್ತೆ ಮತ್ತೆ ಕೇಳಿದೆ, ನಾನು ಮತ್ತೆ ಮತ್ತೆ ಬೇಡವೆಂದೆ. ನಿನ್ನ ಮದುವೆಯಾದ ವರ್ಷ ನಿನ್ನ ಅತ್ತೆ ಮನೆಮಂದಿಯೊಂದಿಗೆ ನಮ್ಮಲ್ಲಿಗೆ ಬಂದವರು, ಟೀ ಕುಡಿದು ಹಿಂದೆ ಹೋಗಿ, ನನ್ನನ್ನು ಒಂದು ಮಾತೂ ಕೇಳದೆ ಟಾರ್ಪಾಲು ಎತ್ತಿ, ಬಾಗಿಲು ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. "ಅಲ್ಯೂಮಿನಿಯಂ ಮೈ ಗಟ್ಟಿಯಾಗಿದೆ ರೀ, ಮರ ಮಾತ್ರ ಹೋಗಿದೆ. ನಮ್ಮ ವರ್ಕ್‌ಶಾಪಿಗೆ ಸಾಗಿಸೋಣ, ನಾನೂ ಇವಳೂ ಸೇರಿ ಎಬ್ಬಿಸ್ತೀವಿ" ಎಂದರು. ನೀನು ಕುಣಿದುಬಿಟ್ಟೆ. ಅಷ್ಟು ಜನರೆದುರು ನಾನು ಬೇಡ ಎನ್ನುವುದು ಹೇಗೆ? ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ನಿನ್ನ ಮಗಳು ಪುಟಾಣಿ ಹುಟ್ಟಿ ಬೆಳೆದು, ಕೆಲಸ ಶುರುವಾದದ್ದು ಈ ವರ್ಷ. ನನಗೊಂದು ಸೂಜಿಗೆ ದಾರ ಪೋಣಿಸಿಕೊಡು ಎಂದರೆ ಕಣ್ಣು ನೋಯುತ್ತದೆ ಎನ್ನುತ್ತಿದ್ದವಳು, ಅವರ ಜೊತೆ ಕೂತು ಮುನ್ನೂರು ರಿವೆಟ್ ಕಿತ್ತೆಯಂತೆ.

ಹೋದ ತಿಂಗಳು ನಿಮ್ಮಲ್ಲಿಗೆ ಬಂದಿದ್ದೆನಲ್ಲ. ನೀನು ಅಂದುಕೊಂಡ ಹಾಗೆ ನಾನು ಆ ದಿನ ಸುಸ್ತಾಗಿರಲಿಲ್ಲ. ವರ್ಕ್‌ಶಾಪಿನ ಗೋಡೆಗೊರಗಿದ ಬಾಗಿಲುಗಳು, ಅರೆಬರೆ ಮುಗಿದ ಬೀರುಗಳು, ಅವುಗಳ ನಡುವೆ ಮರದ ಅಡ್ಡೆಗಳ ಮೇಲೆ ನಿನ್ನಪ್ಪನ ದೋಣಿ. ಬೀಗಿತ್ತಿ ನನಗೊಂದು ಸ್ಟೂಲ್ ಹಾಕಿ, "ನೀವು ಆರಾಮಾಗಿ ಕೂತ್ಕೊಳ್ಳಿ, ಧೂಳು ನಿಮಗಾಗಲ್ಲ" ಎಂದರು. ನಲವತ್ತು ವರ್ಷ ಲಾರಿ ಸೀಟು, ಬಸ್ ಸೀಟು ಬಿಚ್ಚಿ ಹೊಲಿದವಳಿಗೆ ಧೂಳಾಗುವುದಿಲ್ಲವಂತೆ! ಆಮೇಲೆ ನೀನು ಡೆಕ್ಕಿನ ಕೆಳಗಿಂದ ತಲೆ ಎತ್ತಿದೆ. ಕೂದಲ ತುಂಬ ಫೋಮಿನ ಪುಡಿ. ಅವರು ಒಂದೊಂದೇ ಹೆಕ್ಕಿ ತೆಗೆದರು. ನೀನು ಕತ್ತು ಬಗ್ಗಿಸಿ ಸುಮ್ಮನೆ ನಿಂತಿದ್ದೆ. ನಾನು ಬಾಚಣಿಗೆ ಹಿಡಿದರೆ ಕೊಸರಿಕೊಂಡು ಬೀದಿಗೆ ಓಡುತ್ತಿದ್ದ ತಲೆ ಅದು. ನನ್ನ ಕೈಯಲ್ಲಿದ್ದ ಟೀ ತಣ್ಣಗಾಯಿತು, ಹೊಟ್ಟೆ ಮಾತ್ರ ಉರಿಯುತ್ತಿತ್ತು.

ಹೊಸ ಹಲಗೆಗಳನ್ನು ಅವರು ತೋರಿಸಿದ್ದು ಆಗಲೇ. ಡೆಕ್ಕಿಗೊಂದಿಷ್ಟು, ಹಿಂಬದಿಯಲ್ಲಿ ಎಂಜಿನ್ ಕಚ್ಚಿ ನಿಲ್ಲುವ ಜಾಗಕ್ಕೆ ದಪ್ಪನೆಯದೊಂದು. ನೀವು ಟ್ರಾನ್ಸಮ್ ಎನ್ನುತ್ತೀರಿ, ನಿನ್ನಪ್ಪ ಬೆನ್ನುಹಲಗೆ ಎನ್ನುತ್ತಿದ್ದರು. "ಇದು ಔಷಧಿ ಕುಡಿಸಿದ ಪ್ಲೈವುಡ್ ರೀ, ಹುಳ ಹತ್ತಲ್ಲ, ಕೊಳೆಯಲ್ಲ. ನೀರು ಬೀಳೋ ಕಡೆ ಬಾಗಿಲ ಚೌಕಟ್ಟಿಗೆ ನಾನು ಇದನ್ನೇ ಹಾಕೋದು" ಎಂದರು ನಿನ್ನ ಅತ್ತೆ. ಹಲಗೆಯ ಅಂಚು ತಿಳಿಹಸಿರು. ನೋಡಿದ ಕೂಡಲೇ ಟೀ ಲೋಟ ಕೆಳಗಿಟ್ಟೆ. ಎದ್ದು ಹೋಗಿ ಮೂಸಿ ನೋಡಿದೆ, ಅದೇ ವಾಸನೆ. ಹೇಗಿದೆ ಎಂದು ಕೇಳಿದರು. ನಾನು ನಗುನಗುತ್ತಾ, ಮರ ಬಲ್ಲವರು ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ ಎಂದೆ.

ಮಗಳೇ, ಆ ಹಸಿರು ತಾಮ್ರದ ಉಪ್ಪು. ಮರಕ್ಕೆ ಅದು ಮದ್ದು, ಅಲ್ಯೂಮಿನಿಯಂಗೆ ವಿಷ. ಎರಡೂ ತಾಗಿಕೊಂಡು ಒದ್ದೆಯಾದರೆ ಮರ ಕಲ್ಲಿನಂತಿರುತ್ತದೆ, ಲೋಹ ಒಳಗಿಂದ ಕರಗುತ್ತಾ ಬರುತ್ತದೆ. ಅವರು ಎರಡು ಕೋಟ್ ವಾರ್ನಿಷ್ ಬಳಿದಿದ್ದಾರೆ, ನಿಜ. ಬೋಲ್ಟಿನ ತೂತುಗಳ ಒಳಗೆ ಬಳಿದಿಲ್ಲ. ನೀರು ಇಳಿಯುವುದು ಅಲ್ಲಿಂದಲೇ. ಮರದ ಬುದ್ಧಿಯಿಂದ ನೋಡಿದರೆ ಅವರು ಮಾಡಿದ್ದು ಸರಿ. ದೋಣಿ ಬೀರುವಲ್ಲ ಎಂಬುದಷ್ಟೇ ಅವರಿಗೆ ಗೊತ್ತಿಲ್ಲ.

ನನಗೆ ಹೇಗೆ ಗೊತ್ತು ಎಂದು ಕೇಳುತ್ತೀಯ. ನಿನ್ನಪ್ಪ ಕೆರೆಯ ನಡುವೆ ಎಂಜಿನ್ ಕಳೆದುಕೊಂಡ ಕಥೆ ನೀನು ನೂರು ಸಲ ಕೇಳಿದ್ದೀಯ. ದಡದ ಮೇಲಿನ ದೋಣಿಯವರೆಲ್ಲ "ಎಂಜಿನ್ ಬಿತ್ತಿದೆಯಲ್ಲೋ, ಮೊಳಕೆ ಬಂತಾ?" ಎಂದು ಅವರು ಸಾಯುವ ತನಕ ಆಡಿಕೊಂಡರು. ಬೆನ್ನುಹಲಗೆಗೆ ಯಾವುದೋ ಹಾಳು ಪ್ಲೈವುಡ್ ತಂದು ಹಾಕಿದೆ, ನನ್ನ ಬುದ್ಧಿಗೆ ಮಣ್ಣು ಬಿದ್ದಿತ್ತು ಎಂದು ಅವರೂ ನಗುತ್ತಿದ್ದರು. ಆ ಹಲಗೆ ತಂದವಳು ನಾನು. ಆಗ ನಿನಗೆ ಮೂರು ವರ್ಷ. ಮಾಮೂಲಿ ವಾಟರ್‌ಪ್ರೂಫ್ ಪ್ಲೈವುಡ್ ತಾ, ನೀರು ತಡೆಯುವ ಎಪಾಕ್ಸಿ ಅಂಟು ನಾನು ಬಳಿದುಕೊಳ್ಳುತ್ತೇನೆ ಎಂದು ಅವರು ಬಿಡಿಸಿ ಬಿಡಿಸಿ ಹೇಳಿ ಕಳಿಸಿದ್ದರು. ಅಂಗಡಿಯವನು ಇದು ಅದಕ್ಕಿಂತ ಒಳ್ಳೆಯದು, ಜನ್ಮದಲ್ಲಿ ಕೊಳೆಯುವುದಿಲ್ಲ ಎಂದ. ನಾನು ಜಾಣೆಯಾದೆ. ಬಣ್ಣ ಕಾಣದಿರಲೆಂದು ಮನೆಗೆ ತರುವ ಮೊದಲೇ ಅಂಗಡಿಯಲ್ಲೇ ಪ್ರೈಮರ್ ಹೊಡೆಸಿದೆ, ಇಲ್ಲದಿದ್ದರೆ ಹೇಳಿದ್ದು ತರಲಿಲ್ಲವೆಂದು ಬೈಯುತ್ತಾರಲ್ಲ! ಇಬ್ಬರೂ ಸೇರಿ ಕೂರಿಸಿದೆವು. ಅವರು ಹೊರಗಿನಿಂದ ಸ್ಪ್ಯಾನರ್ ತಿರುಗಿಸಿದರು, ನಾನು ದೋಣಿಯೊಳಗೆ ಕೂತು ಬೋಲ್ಟು ಹಿಡಿದಿದ್ದೆ.

ಮೂರನೇ ವರ್ಷ ಒಂದು ಬೆಳಗ್ಗೆ ಅವರು ಒಬ್ಬರೇ ಹೋಗಿದ್ದಾಗ, ಎಂಜಿನ್ ಜೋರು ಮಾಡಿದ್ದೇ ತಡ, ಬೋಲ್ಟು, ಹಲಗೆ, ಅದರ ಹಿಂದಿನ ಅಲ್ಯೂಮಿನಿಯಂ ಎಲ್ಲ ಸಮೇತ ಹರಿದುಕೊಂಡು ಹೋಯಿತು. ಹಿಂದಿನಿಂದ ನೀರು ನುಗ್ಗಿತು. ಒಳಗೆ ಫೋಮ್ ಇದ್ದದ್ದಕ್ಕೆ ದೋಣಿ ಮುಳುಗಲಿಲ್ಲ. ಸೊಂಟದ ತನಕ ನೀರಲ್ಲಿ ಕೂತು ಡೆಕ್ಕಿನ ಒಂದು ಚೂರು ಹಲಗೆಯಿಂದ ಹುಟ್ಟು ಹಾಕಿಕೊಂಡು ದಡಕ್ಕೆ ಬಂದರು. ಹರಿದ ಜಾಗ ಜರಡಿಯಾಗಿತ್ತು. ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದ ಬಟ್ಟೆಯಂತೆ ಕಾಣುತ್ತಿತ್ತು. ಅಂಚಿಗೆ ಕಚ್ಚಿಕೊಂಡಿದ್ದ ಹಲಗೆಯ ಚೂರನ್ನು ಕೆರೆದು ನೋಡಿದಾಗ ಅವರಿಗೆ ಎಲ್ಲ ಗೊತ್ತಾಯಿತು. ನನ್ನ ಮುಖ ನೋಡಿದರು. ಹೊರಗೆ ಬಂದು ಜನರಿಗೆ, ಹಲಗೆ ತಂದವನು ನಾನೇ ಎಂದರು. ಆಮೇಲೆ ಲೋಹಕ್ಕೆ ತೇಪೆ ಹಾಕಿಸಿ ಸರಿಯಾದ ಹಲಗೆ ಕೂರಿಸಿದರು. ಆದರೆ ನನಗೆ ಆ ದೋಣಿ ಕಂಡರೇ ಆಗುತ್ತಿರಲಿಲ್ಲ. ನಿನಗೆ ಬೇಡ ಬೇಡ ಎಂದದ್ದು ಅದಕ್ಕೇ. ನೀನು ಮುಟ್ಟಿದರೆ ಯಾವ ಹಲಗೆ ಹಾಕಲಿ ಎಂದು ಕೇಳುತ್ತಿದ್ದೆ.

ಇಷ್ಟು ಗೊತ್ತಿದ್ದೂ ಆ ದಿನ ಬಾಯಿಗೆ ಬೀಗ ಹಾಕಿಕೊಂಡೆ. ಏಕೆಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಅವರ ಕೈಕೆಲಸ ಕೆಡಲಿ ಎಂದು. ಮೂರು ವರ್ಷವಾದ ಮೇಲೆ ನೀನು ಆ ಜರಡಿ ನೋಡಿ, ಅಯ್ಯೋ ಅತ್ತೆಗೆ ಇದೂ ಗೊತ್ತಿರಲಿಲ್ಲವಾ ಎನ್ನಲಿ ಎಂದು. ಅದಕ್ಕಾಗಿ ಮೂರು ವರ್ಷ ಕಾಯಲು ತಯಾರಿದ್ದೆ. ವಾಪಸು ಬಸ್ಸಿನಲ್ಲಿ ಚೆನ್ನಾಗಿ ನಿದ್ದೆಯೂ ಬಂತು.

ಆಮೇಲೆ ನಿನ್ನ ಅಳತೆ ಚೀಟಿ ಬಂತು. ಮೂರು ಸೀಟು. ಎರಡು ಸರಿಯಾಗಿದ್ದವು. ಮೂರನೆಯದು ಅಗಲ ಹದಿನಾಲ್ಕು ಇಂಚು, ಎತ್ತರ ಒಂಬತ್ತು. ನೀನು ತಪ್ಪು ಅಳೆದಿದ್ದೀಯ ಎಂದು ಖುಷಿಯಿಂದಲೇ ಫೋನ್ ಮಾಡಿದೆ. ನೀನು ನಕ್ಕೆ. "ಅದು ಪುಟಾಣಿಗೆ, ಅಮ್ಮ. ಎಂಜಿನ್ ಪಕ್ಕಾನೇ ಕೂರ್ಬೇಕಂತೆ ಅವಳು, ಹಠ" ಎಂದೆ. ಸರಿ ಎಂದು ಫೋನಿಟ್ಟು ರೆಕ್ಸಿನ್ ಕತ್ತರಿಸಿದೆ. ಅಷ್ಟು ಚಿಕ್ಕ ಸೀಟು ನಾನು ಯಾವತ್ತೂ ಹೊಲಿದಿರಲಿಲ್ಲ. ಒಂದು ಬದಿ ಹೊಲಿದು ತಿರುಗಿಸುವಾಗ ಲೆಕ್ಕ ತಾನಾಗಿ ಬಂತು. ಪುಟಾಣಿಗೆ ಈಗ ನಾಲ್ಕು, ಮೂರು ವರ್ಷವಾದ ಮೇಲೆ ಏಳು. ಏಳು ವರ್ಷದವಳು ಆ ಸೀಟಿನಲ್ಲಿ ಸರಿಯಾಗಿ ಹಿಡಿಸುತ್ತಾಳೆ. ಮಿಷನ್ನು ನಿಲ್ಲಿಸಿ ಅತ್ತುಬಿಟ್ಟೆ ಮಗಳೇ, ಬೀದಿಗೆ ಕೇಳಿಸುವ ಹಾಗೆ ಅತ್ತುಬಿಟ್ಟೆ.

ಭಾನುವಾರ ನೀರಿಗಿಳಿಸಿದರೆ ಏನೂ ಆಗುವುದಿಲ್ಲ. ಮುಂದಿನ ವರ್ಷವೂ ಆಗಲಿಕ್ಕಿಲ್ಲ. ಆದ್ದರಿಂದಲೇ ನೋಡೋಣ ಎಂದು ಬಿಡಬೇಡ, ಒಮ್ಮೆ ನೀರಿಗಿಳಿದ ದೋಣಿಯನ್ನು ಯಾರೂ ಮತ್ತೆ ಬಿಚ್ಚುವುದಿಲ್ಲ. ಬೆನ್ನುಹಲಗೆ ತೆಗೆಯಿರಿ, ಡೆಕ್ಕೂ ತೆಗೆಯಿರಿ, ಅದೇ ಹಲಗೆ ಅದು. ಲೋಹವನ್ನು ಚೆನ್ನಾಗಿ ತೊಳೆದು ಒಣಗಿಸಿ. ಔಷಧಿ ಇಲ್ಲದ ವಾಟರ್‌ಪ್ರೂಫ್ ಪ್ಲೈವುಡ್ ತಂದು ಮೂರು ಕೋಟ್ ಎಪಾಕ್ಸಿ ಬಳಿಯಿರಿ, ತೂತುಗಳ ಒಳಗೂ. ಫೋಮ್ ಮುಟ್ಟಬೇಡಿ. ನಿನ್ನ ಅತ್ತೆ ಫೋಮ್ ಕೂರಿಸಿದ್ದು, ಅದರ ಕೆಳಗೆ ನೀರು ಹರಿಯಲು ದಾರಿ ಬಿಟ್ಟದ್ದು ತುಂಬಾ ಅಚ್ಚುಕಟ್ಟಾಗಿದೆ. ಈ ಒಂದು ಸಾಲು ಬರೆಯಲು ಎರಡು ಲೋಟ ನೀರು ಕುಡಿದೆ.

ಭಾನುವಾರಕ್ಕೆ ನನ್ನನ್ನು ಕರೆದಿದ್ದೀಯ. ಇದನ್ನು ಓದಿದ ಮೇಲೂ ಕರೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಕರೆಯದಿದ್ದರೆ ನಿನ್ನ ತಪ್ಪಿಲ್ಲ, ಉಪ್ಪು ತಿಂದವಳು ನೀರು ಕುಡಿಯಲೇಬೇಕು. ಹೊಟ್ಟೆಕಿಚ್ಚು ಹೋಗಿದೆ ಎಂದು ಮಾತ್ರ ತಿಳಿಯಬೇಡ. ಇನ್ನೊಮ್ಮೆ ಅವರು ನಿನ್ನ ತಲೆ ಮುಟ್ಟಿದರೆ ಇನ್ನೊಮ್ಮೆ ಉರಿಯುತ್ತದೆ. ಉರಿದರೆ ಉರಿಯಲಿ, ನನ್ನ ಹೊಟ್ಟೆ ತಾನೇ.

ಇಂತಿ,
ಬೋಲ್ಟು ಹಿಡಿದು ಕೂತಿದ್ದವಳು,
ನಿನ್ನ ಅಮ್ಮ

ಮರೆತ ಮಾತು: ಇದು ಮಗಳಿಗಲ್ಲ. ಬೀಗಿತ್ತಿಯವರೇ, ಇಷ್ಟು ಹೊತ್ತಿಗೆ ನೀವು ಎಲ್ಲ ಓದಿರುತ್ತೀರಿ. ಸೀಟಿನ ಕವರುಗಳ ಜೊತೆ ಈ ಕಾಗದವನ್ನು ನಿಮ್ಮ ಹೆಸರಿಗೆ ಕಳಿಸಿದ್ದು ಕೈತಪ್ಪಿ ಅಲ್ಲ. ಮೊದಲು ಅವಳ ಕೈಗೆ ಸಿಕ್ಕಿದ್ದರೆ ಇದನ್ನು ಬಚ್ಚಿಟ್ಟು, ಬೇರೇನೋ ನೆಪ ಹೇಳಿ ಹಲಗೆ ಬಿಚ್ಚಿಸಿ, ಹಲಗೆ ಕೆಟ್ಟದ್ದು ತನ್ನ ತಪ್ಪೇ ಎಂದು ನಿಮ್ಮೆದುರು ಒಪ್ಪಿಕೊಂಡುಬಿಡುತ್ತಿದ್ದಳು. ಅವಳು ಅವಳಪ್ಪನ ಮಗಳು. ನನಗಾಗಿ ಒಬ್ಬರು ಸುಳ್ಳು ಹೊತ್ತದ್ದು ಸಾಕು. ನೀವು ಮೊದಲು ಹಲಗೆ ಬಿಚ್ಚಿ, ಆಮೇಲೆ ಕಾಗದವನ್ನು ಅವಳಿಗೆ ಕೊಡಿ.